ಅಪ್‌ಡೇಟ್: ಕೊನೆಗೂ ಕುಂಡದ ಮರವೇ ಬಂತು

ಕ್ರಿಸ್‌ಮಸ್‌ಗೆ ನಿಜವಾದ ಮರ ತರುವುದೋ, ಪ್ಲಾಸ್ಟಿಕ್ಕಿನದೋ ಎಂದು ಕಳೆದ ವಾರ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದ.

ಶಿವಾಜಿನಗರದಲ್ಲಿ ಐದಡಿಯ ಪ್ಲಾಸ್ಟಿಕ್ ಮರವನ್ನು ಮುಟ್ಟಿ ನೋಡಿದೆ. ಕೊಂಬೆ ಬಿಡಿಸುತ್ತಿದ್ದಂತೆ ಹಸಿರು ಚೂರುಗಳು ಅಂಗಿಯ ತೋಳಿಗೆಲ್ಲ ಅಂಟಿಕೊಂಡವು. ಅಲ್ಲಿಗೇ ಮನಸ್ಸು ಮುರಿಯಿತು. ಲಾಲ್‌ಬಾಗ್ ಬಳಿಯ ಸಿದ್ದಾಪುರದ ನರ್ಸರಿಯೊಂದರಲ್ಲಿ ಮೂರಡಿಯ ಅರಾಕೇರಿಯಾ ಸಿಕ್ಕಿತು. ಇಲ್ಲಿ ಕ್ರಿಸ್‌ಮಸ್ ಮರವೆಂದು ಹೆಚ್ಚಾಗಿ ಮಾರುವುದು ಇದನ್ನೇ. ಚಳಿನಾಡಿನ ಫರ್ ಅಲ್ಲ, ಪೆಸಿಫಿಕ್ ದ್ವೀಪಗಳ ಮರ. ಆಟೊದಲ್ಲಿ ಮಡಿಲಲ್ಲಿಟ್ಟುಕೊಂಡು, ತುದಿಗೆ ಅಂಗೈ ಅಡ್ಡ ಹಿಡಿದೇ ಮನೆ ಸೇರಿದೆ. ಆ ಸುಳಿ ಮುರಿದರೆ ಮರದ ಅಂದವೇ ಕೆಟ್ಟುಹೋಗುತ್ತದೆ.

ಕೊಂಬೆಗಳು ಬಲು ಮೆತ್ತಗಿವೆ. ಅಮ್ಮನ ಹಳೆಯ ಗಾಜಿನ ಗುಂಡುಗಳನ್ನು ತೂಗುಹಾಕಿದರೆ ಸೀದಾ ನೆಲ ನೋಡುತ್ತವೆ. ಹಾಗಾಗಿ ಕಾಗದದ ನಕ್ಷತ್ರಗಳು, ಒಂದೆಳೆ ಎಲ್‌ಇಡಿ ದೀಪ, ಅಷ್ಟೇ. ಗಾಜಿನವು ಗೋದಲಿಯ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಯ) ಚಪ್ಪರಕ್ಕೆ ಹೋದವು. ಅಮ್ಮನಿಗೆ ಇನ್ನೂ ಸ್ವಲ್ಪ ಮುನಿಸು ಇದೆ.

ಹಬ್ಬ ಮುಗಿದ ಮೇಲೆ ಕುಂಡ ಬಾಲ್ಕನಿಗೆ. ಮನೆಯ ಮುಂದೆ ನೆಲಕ್ಕೆ ನೆಡಿ ಎಂದವರ ಮಾತನ್ನು ಮಾತ್ರ ಕೇಳುವುದಿಲ್ಲ: ಲಾಲ್‌ಬಾಗಿನಲ್ಲಿ ಇದರ ಬಳಗದವರ ಎತ್ತರವನ್ನು ನೋಡಿ ಬಂದಿದ್ದೇನೆ.