ನೀರು ಬಿದ್ದ ಟ್ಯಾಬ್ಲೆಟ್ ನಾನೇ ಬಿಚ್ಚಬಹುದಾ? ಅನುಭವ ಇದ್ದವರು ದಯವಿಟ್ಟು ಹೇಳಿ

ಪ್ರಶ್ನೆ

ಮೂರು ದಿನದ ಹಿಂದೆ ನನ್ನ ಟ್ಯಾಬ್ಲೆಟ್ ಮೇಲೆ ಒಂದು ಲೋಟ ನೀರು ಚೆಲ್ಲಿತು. ತಕ್ಷಣ ಒರೆಸಿದೆ. ಆಗ ಚೆನ್ನಾಗೇ ಕೆಲಸ ಮಾಡುತ್ತಿತ್ತು, ಹಾಗಾಗಿ ರಾತ್ರಿ ಚಾರ್ಜಿಗೆ ಹಾಕಿ ಮಲಗಿದೆ. ಬೆಳಿಗ್ಗೆ ನೋಡಿದರೆ ಸ್ಕ್ರೀನ್ ಕಪ್ಪು. ಚಾರ್ಜರ್ ಹಾಕಿದರೂ ಏನೂ ಬರಲ್ಲ. ಎರಡು ದಿನ ಅಕ್ಕಿಯಲ್ಲಿ ಹೂತಿಟ್ಟೆ, ಪ್ರಯೋಜನ ಆಗಲಿಲ್ಲ. ವಾರಂಟಿ ಮುಗಿದಿದೆ. ಮಗಳ ಮೊದಲ ವರ್ಷದ ಫೋಟೋಗಳು ಅದರಲ್ಲೇ ಇವೆ, ಬೇರೆಲ್ಲೂ ಕಾಪಿ ಇಲ್ಲ. ಸಣ್ಣ ಸ್ಕ್ರೂಡ್ರೈವರ್ ಸೆಟ್ ಇದೆ, ಆದರೆ ಇಂಥದ್ದನ್ನು ಯಾವತ್ತೂ ಬಿಚ್ಚಿಲ್ಲ. ಏನು ಮಾಡಲಿ?

ಉತ್ತರ 1

ಮೊದಲು ಚಾರ್ಜರ್ ಹಾಕಿ ನೋಡುವುದನ್ನು ನಿಲ್ಲಿಸಿ. ಪವರ್ ಬಟನ್ ಕೂಡ ಒತ್ತಬೇಡಿ. ಎರಡು ವರ್ಷದ ಹಿಂದೆ ನಾನೂ ಇದೇ ಸ್ಥಿತಿಯಲ್ಲಿದ್ದೆ. ಈಗ ಬಂದೀತು, ಆಗ ಬಂದೀತು ಅಂತ ಗಂಟೆಗೊಂದು ಸಲ ಒತ್ತಿ ನೋಡುತ್ತಿದ್ದೆ. ಹಾನಿ ಜಾಸ್ತಿ ಆಗಿದ್ದು ಅದರಿಂದಲೇ.

ಒಣಗಿದರೆ ಸರಿಹೋಗುತ್ತೆ ಅಂತ ನಾವೆಲ್ಲ ಅಂದುಕೊಳ್ಳುತ್ತೇವೆ. ನಲ್ಲಿ ನೀರಿನಲ್ಲಿ ಲವಣ ಕರಗಿರುತ್ತದೆ. ಟ್ಯಾಬ್ಲೆಟ್ ಆಫ್ ಆಗಿದ್ದರೂ ಬ್ಯಾಟರಿ ಬೋರ್ಡಿಗೆ (ಚಿಪ್ಪುಗಳೆಲ್ಲ ಕೂತಿರುವ ಒಳಗಿನ ಹಲಗೆ) ಸಿಕ್ಕಿಕೊಂಡೇ ಇರುತ್ತದೆ, ಅದರ ಕೆಲವು ತಾಮ್ರದ ಗೆರೆಗಳಲ್ಲಿ ವಿದ್ಯುತ್ ಇದ್ದೇ ಇರುತ್ತದೆ. ಒದ್ದೆ ಜಾಗದಲ್ಲಿ ವಿದ್ಯುತ್ ಹರಿದರೆ ತಾಮ್ರ ಕರಗಿ ಕಿಲುಬು ಹಿಡಿಯುತ್ತದೆ. ನಿಮ್ಮದು ಮೊದಲ ದಿನ ನಡೆದು ಮರುದಿನ ನಿಂತಿದ್ದು ಬಹುಶಃ ಹೀಗೇ. ಅಕ್ಕಿ ಇದಕ್ಕೆ ಏನೂ ಮಾಡಲಾರದು. ಬೋರ್ಡಿನ ಮೇಲಿನ ಲೋಹದ ಮುಚ್ಚಳಗಳ ಕೆಳಗೆ ಸೇರಿದ ನೀರನ್ನು ಅದು ಹೊರಗಿನಿಂದ ಎಳೆಯುವುದಿಲ್ಲ. ಅದರ ಪುಡಿ ಚಾರ್ಜಿಂಗ್ ಪೋರ್ಟಿಗೆ ಹೋಗುತ್ತದೆ, ಅಷ್ಟೆ. ಆಪಲ್ ಕೂಡ ಒದ್ದೆಯಾದ ಐಫೋನನ್ನು ಅಕ್ಕಿ ಚೀಲದಲ್ಲಿ ಇಡಬೇಡಿ ಅಂತಲೇ ಹೇಳುತ್ತದೆ. ಹೇರ್ ಡ್ರೈಯರ್ ಹಿಡಿದು ಒಣಗಿಸುವುದೂ ಬೇಡ, ಗಾಳಿ ನೀರನ್ನು ಇನ್ನೂ ಒಳಗೆ ತಳ್ಳುತ್ತದೆ.

ನಾನು ಮಾಡಿದ್ದು ಇಷ್ಟು. ಬಿಚ್ಚಿದ ಕೂಡಲೇ ಬ್ಯಾಟರಿ ಕನೆಕ್ಟರ್ ತೆಗೆದೆ. ಬೇರೆ ಯಾವ ವೈರನ್ನೂ ಅದಕ್ಕಿಂತ ಮುಂಚೆ ಮುಟ್ಟಲಿಲ್ಲ. ಬ್ಯಾಟರಿ ಇರುವಾಗಲೇ ಸ್ಕ್ರೀನಿನ ಕೇಬಲ್ ಎಳೆದರೆ ಬ್ಯಾಕ್‌ಲೈಟ್ (ಸ್ಕ್ರೀನಿಗೆ ಹಿಂದಿನಿಂದ ಬೆಳಕು ಕೊಡುವ) ಸರ್ಕ್ಯೂಟ್ ಸುಟ್ಟುಹೋಗಬಹುದು. ಆಮೇಲೆ ಬೋರ್ಡ್ ಹೊರತೆಗೆದು ಬೇಗ ಆರಿಹೋಗುವ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಮೆತ್ತನೆ ಟೂತ್‌ಬ್ರಷ್‌ನಿಂದ ಉಜ್ಜಿದೆ. 99 ಪರ್ಸೆಂಟಿನದೇ ತಗೊಳ್ಳಿ. 70 ಪರ್ಸೆಂಟಿನದರಲ್ಲಿ ಉಳಿದದ್ದು ನೀರೇ ಅಲ್ವಾ? ಕಿಟಕಿ ತೆಗೆದಿಡಿ, ಹತ್ತಿರ ಬೆಂಕಿ ಇರಬಾರದು. ಚಾರ್ಜಿಂಗ್ ಪೋರ್ಟಿನ ಹಿಂದೆ ಹಸಿರು ಪದರ ಕಟ್ಟಿತ್ತು. ಅದು ಬಿಡಲು ಅರ್ಧ ಗಂಟೆ ಹಿಡಿಯಿತು, ಒತ್ತಿ ಉಜ್ಜಿದರೆ ಸಣ್ಣ ಬಿಡಿಭಾಗಗಳು ಕಿತ್ತು ಬರುತ್ತವೆ. ಒಂದು ದಿನ ಪೂರ್ತಿ ಒಣಗಲು ಬಿಟ್ಟೆ. ನನ್ನದು ಬದುಕಿತು.

ಆಲ್ಕೋಹಾಲ್ ಬೋರ್ಡಿಗೆ ಮಾತ್ರ. ಸ್ಕ್ರೀನಿನ ಪದರಗಳ ನಡುವೆ ಹೋದರೆ ಕಲೆ ಉಳಿಯುತ್ತದೆ.

ಉತ್ತರ 2

ಮೇಲಿನವರು ಹೇಳಿದ್ದೆಲ್ಲ ಸರಿ, ಆದರೂ ನಾನು ಬೇರೆ ಮಾತು ಹೇಳುತ್ತೇನೆ. ನಿಮಗೆ ಬೇಕಾಗಿರುವುದು ಟ್ಯಾಬ್ಲೆಟ್ಟಾ, ಫೋಟೋನಾ? ಫೋಟೋ ಆದರೆ ಮೊದಲ ಸಲದ ಕಲಿಕೆಯನ್ನು ಅದರ ಮೇಲೆ ಮಾಡಬೇಡಿ. ಈಗಿನ ಟ್ಯಾಬ್ಲೆಟ್‌ಗಳಲ್ಲಿ ಡೇಟಾ ಎನ್‌ಕ್ರಿಪ್ಟ್ ಆಗಿರುತ್ತದೆ, ಅಂದರೆ ಕೀಲಿ ಇಲ್ಲದೆ ಓದಲಾಗದ ಗುಪ್ತ ರೂಪದಲ್ಲಿರುತ್ತದೆ; ಅದರ ಕೀಲಿ ಸಾಮಾನ್ಯವಾಗಿ ಅದೇ ಪ್ರೊಸೆಸರಿಗೆ ಅಂಟಿಕೊಂಡಿರುತ್ತದೆ. ಮೆಮೊರಿ ಚಿಪ್ ಕಿತ್ತು ಬೇರೆ ಕಡೆ ಓದಿಸುತ್ತೇನೆ ಅಂದರೆ ಆಗಲ್ಲ. ಅದೇ ಬೋರ್ಡ್ ಒಂದು ಸಲವಾದರೂ ಆನ್ ಆಗಲೇಬೇಕು. ಬೋರ್ಡಿಗೆ ಗೀರು ಬಿದ್ದರೆ ಫೋಟೋಗಳು ಹೋದವು ಅಂತಲೇ ಲೆಕ್ಕ. ನನ್ನ ತಮ್ಮನ ಟ್ಯಾಬ್ಲೆಟ್‌ನಲ್ಲಿ ಹಾಗೇ ಆಯಿತು. ಸಣ್ಣ ಸ್ಕ್ರೂ ಇದ್ದ ತೂತಿಗೆ ಉದ್ದದ್ದನ್ನು ತಿರುಗಿಸಿದ, ಅದು ಬೋರ್ಡಿನ ಒಳಗಿನ ಗೆರೆ ಕತ್ತರಿಸಿತು. ನೀರಿನಿಂದ ಕೆಟ್ಟಿದ್ದಕ್ಕಿಂತ ಅದೇ ದೊಡ್ಡ ಪೆಟ್ಟಾಯಿತು.

ಬರೀ ಸ್ಕ್ರೀನ್ ಬದಲಾಯಿಸುವವರಲ್ಲ, ಬೋರ್ಡ್ ಮಟ್ಟದ ರಿಪೇರಿ ಮಾಡುವವರು ಇರುತ್ತಾರೆ. ಅಂಥವರನ್ನು ಹುಡುಕಿ.

ಉತ್ತರ 3

ಬಿಚ್ಚುವುದೇ ನಿಜವಾದ ಕಷ್ಟ, ಅದನ್ನು ಯಾರೂ ಹೇಳಲಿಲ್ಲ. ಹೆಚ್ಚಿನ ಟ್ಯಾಬ್ಲೆಟ್‌ಗಳ ಗಾಜನ್ನು ಸ್ಕ್ರೂ ಅಲ್ಲ, ಅಂಟು ಹಿಡಿದಿರುತ್ತದೆ. ಅಂಚನ್ನು ಸ್ವಲ್ಪ ಸ್ವಲ್ಪವೇ ಬಿಸಿ ಮಾಡಬೇಕು. ಮುಟ್ಟಿದರೆ ಬಿಸಿ ತಟ್ಟಬೇಕು, ಕೈ ಸುಡಬಾರದು. ಸ್ಕ್ರೂಡ್ರೈವರ್ ತುದಿ ತೂರಿಸಬೇಡಿ, ಗಾಜು ಬಿರುಕು ಬಿಡುತ್ತದೆ. ತೆಳು ಪ್ಲಾಸ್ಟಿಕ್ ತುಂಡು ಸಾಕು, ಗಿಟಾರ್ ನುಡಿಸುವ ಪಿಕ್ ತರಹದ್ದು. ಅದನ್ನೂ ಕೆಲವೇ ಮಿಲಿಮೀಟರ್ ಮಾತ್ರ ಒಳಗೆ ಬಿಡಿ. ನಾನು ಆಳಕ್ಕೆ ತಳ್ಳಿ ಟಚ್ ಕೇಬಲ್ ಕತ್ತರಿಸಿಬಿಟ್ಟೆ. ನಿಮ್ಮ ಮಾಡೆಲ್ ಬಿಚ್ಚುವ ವಿಡಿಯೋ ಮೊದಲು ಎರಡು ಸಲ ನೋಡಿ, ಕೇಬಲ್ ಯಾವ ಕಡೆ ಇದೆ ಅಂತ ಬರೆದುಕೊಳ್ಳಿ.

ಚಪ್ಪಟೆ ಕೇಬಲ್‌ಗಳ ಹಲವು ಕನೆಕ್ಟರುಗಳಿಗೆ ಪುಟ್ಟ ಚಿಲಕ ಇರುತ್ತದೆ. ಇದ್ದರೆ ಅದನ್ನು ಉಗುರಿನಿಂದ ಎತ್ತಿದ ಮೇಲೇ ಕೇಬಲ್ ಎಳೆಯಿರಿ. ಸ್ಕ್ರೂಗಳನ್ನು ಕಾಗದದ ಮೇಲೆ ಅವುಗಳ ಜಾಗ ಬರೆದು ಅಲ್ಲಲ್ಲೇ ಅಂಟಿಸಿ. ಬ್ಯಾಟರಿ ಉಬ್ಬಿದ್ದರೆ ಅಲ್ಲಿಗೇ ನಿಲ್ಲಿಸಿಬಿಡಿ. ಲಿಥಿಯಂ ಬ್ಯಾಟರಿಗೆ ತೂತು ಬಿದ್ದರೆ ಬೆಂಕಿ ಹತ್ತಬಹುದು.

ಉತ್ತರ 4

ಬಿದ್ದದ್ದು ಬರೀ ನೀರಾ? ಸಕ್ಕರೆ ಇರುವ ಪಾನೀಯ ಅಥವಾ ಉಪ್ಪುನೀರು ಆಗಿದ್ದರೆ ಬೋರ್ಡನ್ನು ಮೊದಲು ಡಿಸ್ಟಿಲ್ಡ್ ವಾಟರ್‌ನಲ್ಲಿ ತೊಳೆದು ಆಮೇಲೆ ಆಲ್ಕೋಹಾಲ್ ಬಳಸಬೇಕು. ಸಕ್ಕರೆ, ಉಪ್ಪು ಆಲ್ಕೋಹಾಲ್‌ನಲ್ಲಿ ಸರಿಯಾಗಿ ಕರಗಲ್ಲ.

ಕೇಳಿದವರು

ಬರೀ ನೀರೇ. ಎಲ್ಲರಿಗೂ ಧನ್ಯವಾದ. ಉತ್ತರ 2 ಓದಿ ಒಂದು ರಾತ್ರಿ ಯೋಚಿಸಿದೆ. ಇಲ್ಲಿಂದ ಕಳಿಸಿ ರಿಪೇರಿ ಮಾಡಿಸಲು ತುಂಬಾ ದಿನ ಬೇಕು, ಅಷ್ಟರಲ್ಲಿ ಕಿಲುಬು ಇನ್ನೂ ಹರಡುತ್ತದಲ್ಲ ಅನ್ನುವ ಭಯ. ಕನಿಷ್ಠ ಬಿಚ್ಚಿ ಬ್ಯಾಟರಿ ಕನೆಕ್ಟರ್ ಮಾತ್ರ ತೆಗೆದಿಟ್ಟು ಕಳಿಸಿದರೆ?

ಉತ್ತರ 2

ಅದು ಒಳ್ಳೇ ದಾರಿ, ನನಗೆ ಹೊಳೆದಿರಲಿಲ್ಲ. ಬ್ಯಾಟರಿ ಬೇರೆಯಾದರೆ ಕಿಲುಬಿನ ವೇಗ ತುಂಬಾ ಕಡಿಮೆ ಆಗುತ್ತದೆ. ಕೈ ನಡುಗಿದರೆ ಅಲ್ಲಿಗೇ ಬಿಡಿ.

ಕೇಳಿದವರು, ಐದು ದಿನದ ನಂತರ

ಗಾಜು ಎತ್ತಲು ಎರಡು ಗಂಟೆ ಆಯಿತು. ಒಂದು ಮೂಲೆಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿದೆ, ಕೇಬಲ್‌ಗಳು ಉಳಿದವು. ಒಳಗಿದ್ದ ಪುಟ್ಟ ಬಿಳಿ ಸ್ಟಿಕ್ಕರ್ ಕೆಂಪಾಗಿತ್ತು, ನೀರು ತಾಗಿದರೆ ಅದರ ಬಣ್ಣ ಬದಲಾಗುತ್ತದಂತೆ. ಬ್ಯಾಟರಿ ಉಬ್ಬಿರಲಿಲ್ಲ. ಮೊದಲು ಅದರ ಕನೆಕ್ಟರ್ ತೆಗೆದೆ. ಕಿಲುಬು ಇದ್ದದ್ದು ಚಾರ್ಜಿಂಗ್ ಪೋರ್ಟಿನ ಸುತ್ತ ಮತ್ತು ಒಂದೇ ಒಂದು ಕನೆಕ್ಟರಿನಲ್ಲಿ. ಹಾಗಾಗಿ ಧೈರ್ಯ ಮಾಡಿದೆ. ಬೋರ್ಡ್ ಹೊರತೆಗೆಯಲಿಲ್ಲ, ಅಷ್ಟು ಜಾಗವನ್ನು ಮಾತ್ರ ಆಲ್ಕೋಹಾಲ್ ಹಾಕಿ ಉಜ್ಜಿ ಎರಡು ದಿನ ಒಣಗಲು ಬಿಟ್ಟೆ.

ನಿನ್ನೆ ಸಂಜೆ ಜೋಡಿಸಿ ಬಟನ್ ಒತ್ತಿದೆ. ಆನ್ ಆಯಿತು! ಆದರೆ ಸ್ಕ್ರೀನಿನ ಕೆಳಭಾಗದಲ್ಲಿ ಟಚ್ ಇಲ್ಲ, ಪಿನ್ ನಂಬರ್ ಹಾಕಲು ಆಗುತ್ತಿಲ್ಲ. ಬ್ಯಾಟರಿ 30 ಪರ್ಸೆಂಟ್ ತೋರಿಸುತ್ತಿದೆ.

ಉತ್ತರ 3

ಚಾರ್ಜಿಗೆ ಹಾಕಬೇಡಿ, ಈಗಲೇ ಫೋಟೋಗಳನ್ನು ಬೇರೆ ಕಡೆಗೆ ಕಾಪಿ ಮಾಡಿಕೊಳ್ಳಿ. ಆಂಡ್ರಾಯ್ಡ್ ಆದರೆ ಓಟಿಜಿ ಅಡಾಪ್ಟರ್ (ಚಾರ್ಜಿಂಗ್ ಪೋರ್ಟಿಗೆ ಮೌಸ್ ತರಹದ್ದನ್ನು ಜೋಡಿಸಲು ಬಳಸುವ ಪುಟ್ಟ ತುಂಡು) ಹಾಕಿ ಕಂಪ್ಯೂಟರ್ ಮೌಸ್ ಜೋಡಿಸಿ. ಸ್ಕ್ರೀನ್ ಮೇಲೆ ಬಾಣದ ಗುರುತು ಬರುತ್ತದೆ, ಅದರಿಂದಲೇ ಪಿನ್ ಒತ್ತಬಹುದು.

ಕೇಳಿದವರು

ಮೌಸ್ ಕೆಲಸ ಮಾಡಿತು. ಫೋಟೋಗಳೆಲ್ಲ ಕಂಪ್ಯೂಟರಿಗೆ ಬಂದವು, ಇನ್ನೊಂದು ಕಾಪಿ ಬೇರೆ ಡ್ರೈವ್‌ಗೂ ಹಾಕಿದೆ. ಮಗಳು ಮೊದಲ ಸಲ ನಿಂತ ದಿನದ ವಿಡಿಯೋ ಕೂಡ ಸಿಕ್ಕಿತು. ಟ್ಯಾಬ್ಲೆಟ್‌ನ ಬ್ಯಾಟರಿ ಮತ್ತೆ ಬೇರೆ ಮಾಡಿ ಇಟ್ಟಿದ್ದೇನೆ. ಇನ್ನು ನಿಧಾನಕ್ಕೆ ಕಳಿಸುತ್ತೇನೆ.