ಚುಚ್ಚದೆ ಶುಗರ್ ಹೇಳುವ ವಾಚ್: ಇದನ್ನು ನೋಡಿ ಇನ್ಸುಲಿನ್ ಕೊಡಬಹುದಾ?

ತೀರ್ಥಹಳ್ಳಿ_ಮಗಳು
ಅಮ್ಮನಿಗೆ 64 ವರ್ಷ, ದಿನಕ್ಕೆ ಎರಡು ಹೊತ್ತು ಇನ್ಸುಲಿನ್. ಚುಚ್ಚಿ ಚುಚ್ಚಿ ಬೆರಳ ತುದಿ ಗಟ್ಟಿಯಾಗಿದೆ, ಈಗ ಮೀಟರ್ ತೆಗೆದರೆ ಸಾಕು ಬೇಡ ಅಂತಾರೆ. ತಮ್ಮ ಆನ್‌ಲೈನ್‌ನಲ್ಲಿ ಒಂದು ಅಗ್ಗದ ಸ್ಮಾರ್ಟ್‌ವಾಚ್ ತರಿಸಿದ್ದಾನೆ, ಬರೀ ಬೆಳಕು ಬಿಟ್ಟು ಶುಗರ್ ಹೇಳುತ್ತದಂತೆ. ನಿನ್ನೆ ಊಟ ಆದ ಮೇಲೆ ಅದರಲ್ಲಿ 6.1 ಬಂತು, ಮೀಟರ್‌ನಲ್ಲಿ 212. ಯೂನಿಟ್ ಬೇರೆ ಇರಬಹುದಾ? ಇದನ್ನು ನೋಡಿ ಡೋಸ್ ಹೆಚ್ಚು ಕಡಿಮೆ ಮಾಡಬಹುದಾ? ಗೊತ್ತಿರುವವರು ಹೇಳಿ.

ಬೆಸುಗೆ_ಕಡ್ಡಿ
ದಯವಿಟ್ಟು ಮಾಡಬೇಡಿ. ಯೂನಿಟ್ ಬೇರೆ ಇರೋದು ನಿಜ, ವಾಚ್ ತೋರಿಸೋದು mmol/L, ನಮ್ಮ ಮೀಟರ್ mg/dL. 6.1 ಅನ್ನು 18ರಿಂದ ಗುಣಿಸಿ, ನಮ್ಮ ಲೆಕ್ಕದಲ್ಲಿ ಸುಮಾರು 110 ಆಯಿತು. ಅಂದರೆ 212 ಇದ್ದಾಗ ವಾಚ್ 110 ಅಂದಿದೆ. ನಾಳೆ 55ಕ್ಕೆ ಇಳಿದಾಗಲೂ 110 ಅಂದರೆ, ಅದನ್ನು ನಂಬಿ ನೀವು ಇನ್ಸುಲಿನ್ ಕೊಟ್ಟರೆ?

ನಾನು ವೈದ್ಯಕೀಯ ಉಪಕರಣ ರಿಪೇರಿ ಮಾಡುವವನು, ಇಂಥ ವಾಚ್ ಬಿಚ್ಚಿ ನೋಡಿದ್ದೇನೆ. ಹಿಂಬದಿಯಲ್ಲಿ ಎರಡು ಹಸಿರು ಎಲ್‌ಇಡಿ, ಒಂದು ಕೆಂಪು, ಮಧ್ಯದಲ್ಲಿ ವಾಪಸ್ ಬರುವ ಬೆಳಕನ್ನು ಅಳೆಯುವ ಸಾಸಿವೆಯಷ್ಟು ಫೋಟೋಡಯೋಡ್, ಅಷ್ಟೇ. ಹಸಿರು ಬೆಳಕನ್ನು ರಕ್ತ ಚೆನ್ನಾಗಿ ಹೀರುತ್ತದೆ, ಹಾಗಾಗಿ ಒಂದೊಂದು ಬಡಿತಕ್ಕೂ ವಾಪಸ್ ಬರುವ ಬೆಳಕು ಏರಿಳಿಯುತ್ತದೆ, ನಾಡಿ ಸಿಗುತ್ತದೆ. ಆಕ್ಸಿಜನ್ ಅಳೆಯೋಕೂ ಗಟ್ಟಿ ಆಧಾರ ಇದೆ, ಯಾಕೆಂದರೆ ಆಕ್ಸಿಜನ್ ಹೊತ್ತ ಹಿಮೋಗ್ಲೋಬಿನ್ ಮತ್ತು ಹೊರದ ಹಿಮೋಗ್ಲೋಬಿನ್ ಕೆಂಪು, ಇನ್‌ಫ್ರಾರೆಡ್ ಬೆಳಕನ್ನು ಬೇರೆ ಬೇರೆ ಪ್ರಮಾಣದಲ್ಲಿ ಹೀರುತ್ತವೆ. ಜಪಾನಿನ ಟಕುವೊ ಅಯೊಯಾಗಿ 1970ರ ದಶಕದಲ್ಲಿ ಇದನ್ನು ನಾಡಿಮಿಡಿತದ ಜೊತೆ ಸೇರಿಸಿಯೇ ಪಲ್ಸ್ ಆಕ್ಸಿಮೀಟರ್‌ಗೆ ದಾರಿ ಮಾಡಿದರು. ಗ್ಲುಕೋಸ್‌ಗೆ ಅಂಥ ಬಣ್ಣ ಇಲ್ಲ. ಇನ್‌ಫ್ರಾರೆಡ್‌ನಲ್ಲಿ ಸಿಗುವ ಸಣ್ಣ ಗುರುತೂ ಚರ್ಮದ ನೀರು, ಕೊಬ್ಬು, ಪ್ರೋಟೀನ್‌ಗಳ ಗುರುತಿನಲ್ಲಿ ಮುಚ್ಚಿಹೋಗುತ್ತದೆ. ಆ ವಾಚನ್ನು ಸುತ್ತಿದ ಟವೆಲ್‌ಗೆ ಕಟ್ಟಿದೆ, ಆಗಲೂ 5.6 ತೋರಿಸಿತು!

ಔಷಧಿ, ವೈದ್ಯಕೀಯ ಉಪಕರಣಗಳಿಗೆ ಅನುಮತಿ ಕೊಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ 2024ರ ಫೆಬ್ರವರಿಯಲ್ಲೇ ಎಚ್ಚರಿಕೆ ಕೊಟ್ಟಿದೆ. ತಾನಾಗಿಯೇ ಗ್ಲುಕೋಸ್ ಅಳೆಯುವ ಯಾವ ವಾಚ್‌ಗೂ ಉಂಗುರಕ್ಕೂ ತಾನು ಅನುಮತಿ ಕೊಟ್ಟಿಲ್ಲ ಅಂತ.

ಟೈಪ್‌ಒನ್_ಅಪ್ಪ
ಮೇಲಿನವರು ಹೇಳಿದ್ದು ಸರಿ. ಚುಚ್ಚೋದು ಕಡಿಮೆ ಆಗಬೇಕು ಅಂದರೆ ಸಿಜಿಎಂ ಪ್ಯಾಚ್ (ಮೈಗೆ ಅಂಟಿಸಿಕೊಂಡರೆ ಶುಗರನ್ನು ಸತತವಾಗಿ ಅಳೆಯುವ ಸೆನ್ಸರ್) ಬಗ್ಗೆ ಡಾಕ್ಟರ್ ಹತ್ತಿರ ಕೇಳಿ. ನನ್ನ ಮಗಳು ಹಾಕಿಕೊಳ್ಳುತ್ತಾಳೆ. ನಾಣ್ಯದಷ್ಟು ಅಗಲದ ಬಿಲ್ಲೆ, ತೋಳಿನ ಹಿಂದೆ ಅಂಟುತ್ತದೆ, ಅದರಿಂದ ಸುಮಾರು 5 ಮಿ.ಮೀ. ಉದ್ದದ ಕೂದಲೆಳೆಯಂಥ ತಂತು ಚರ್ಮದೊಳಗೆ ಕೂರುತ್ತದೆ. ತಂತಿನ ಮೇಲೆ ಗ್ಲುಕೋಸ್ ಆಕ್ಸಿಡೇಸ್ ಅನ್ನುವ ಎನ್‌ಜೈಮ್ ಇದೆ, ಅದು ಗ್ಲುಕೋಸ್ ಜೊತೆ ಸೇರಿದಾಗ ಹುಟ್ಟುವ ಸಣ್ಣ ಕರೆಂಟನ್ನು ಅಳೆಯುತ್ತಾರೆ. ನಮ್ಮದು 14 ದಿನ ಬರುತ್ತದೆ.

ಆದರೆ ಇದು ಅಳೆಯೋದು ರಕ್ತವನ್ನಲ್ಲ, ಜೀವಕೋಶಗಳ ನಡುವಿನ ದ್ರವವನ್ನು. ಶುಗರ್ ಬೇಗ ಇಳಿಯುತ್ತಿದ್ದರೆ ಕೆಲವು ನಿಮಿಷ ಹಿಂದೆ ಬೀಳುತ್ತದೆ. ಮಗಳು ಆ ತೋಳಿನ ಮೇಲೇ ಮಲಗಿದರೆ ರಾತ್ರಿ 52 ಅಂತ ಅಲಾರಾಂ ಹೊಡೆಯುತ್ತದೆ, ಎದ್ದು ಚುಚ್ಚಿ ನೋಡಿದರೆ 108. ಒತ್ತಡ ಬಿದ್ದು ಹಾಗಾಗೋದು. ಕೆಲವು ಸೆನ್ಸರ್‌ಗಳಲ್ಲಿ ವಿಟಮಿನ್ ಸಿ ಮಾತ್ರೆ ದಿನಕ್ಕೆ 500 ಮಿ.ಗ್ರಾಂಗಿಂತ ಜಾಸ್ತಿ ತಗೊಂಡರೆ ರೀಡಿಂಗ್ ಸುಳ್ಳೇ ಮೇಲೇರಬಹುದು. ಹಾಗಾಗಿ ಮೀಟರ್ ಮನೆಯಲ್ಲಿ ಇರಲೇಬೇಕು, ಮೈಗೂ ರೀಡಿಂಗ್‌ಗೂ ತಾಳೆ ಆಗದಿದ್ದರೆ ಚುಚ್ಚಿಯೇ ನೋಡಿ.

ಒಂದು ಪ್ಯಾಚ್‌ಗೇ ಸಾವಿರಗಟ್ಟಲೆ ಆಗುತ್ತದೆ, ತಿಂಗಳು ಪೂರ್ತಿ ಹಾಕೋದು ಎಲ್ಲರಿಗೂ ಆಗೋ ಮಾತಲ್ಲ. ಒಂದು ಸಲ ಹಾಕಿಸಿ ಎರಡು ವಾರದ ಏರಿಳಿತ ಡಾಕ್ಟರ್‌ಗೆ ತೋರಿಸಿದರೂ ಎಷ್ಟೋ ಗೊತ್ತಾಗುತ್ತದೆ. ಅಲ್ಲಿಯವರೆಗೆ ಬೆರಳ ತುದಿ ಬಿಟ್ಟು ಪಕ್ಕದಲ್ಲಿ ಚುಚ್ಚಿ, ಪ್ರತಿ ಸಲ ಹೊಸ ಸೂಜಿ ಹಾಕಿ, ಬೆರಳು ಚುಚ್ಚುವ ಪೆನ್ನಿನ (ಇನ್ಸುಲಿನ್ ಪೆನ್ನಿನದಲ್ಲ) ಆಳದ ನಂಬರ್ ಇಳಿಸಿ. ಅಮ್ಮನಿಗೆ ನೋವು ನಿಜಕ್ಕೂ ಕಡಿಮೆ ಆಗುತ್ತದೆ.

ಹಾಸನ_ಹೈದ
ಬಿಪಿ ತೋರಿಸುವ ವಾಚೂ ಹೀಗೇನಾ?

ಬೆಸುಗೆ_ಕಡ್ಡಿ
ಪೂರ್ತಿ ಹಾಗಲ್ಲ. ನಾಡಿಯ ಅಲೆ ನೋಡಿ ಬಿಪಿ ಅಂದಾಜು ಮಾಡಬಹುದು, ಆದರೆ ಸ್ಯಾಮ್‌ಸಂಗ್ ವಾಚನ್ನೂ 28 ದಿನಕ್ಕೊಮ್ಮೆ ತೋಳುಪಟ್ಟಿಯ ಮಿಷನ್ ಜೊತೆ ತಾಳೆ ಹಾಕಬೇಕು. ಮನೆಗೆ ಒಂದೇ ಕೊಳ್ಳೋದಾದರೆ ತೋಳುಪಟ್ಟಿಯದ್ದೇ ಕೊಳ್ಳಿ.

ತೀರ್ಥಹಳ್ಳಿ_ಮಗಳು
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ವಾಚ್ ವಾಪಸ್ ಕಳಿಸಲು ತಮ್ಮನಿಗೆ ಹೇಳಿದೆ. ಪ್ಯಾಚ್ ಹಾಕಿಕೊಂಡು ಸ್ನಾನ ಮಾಡಬಹುದಾ? ಅಮ್ಮ ಮೊದಲು ಕೇಳೋದೇ ಅದನ್ನು.

ಟೈಪ್‌ಒನ್_ಅಪ್ಪ
ಧಾರಾಳವಾಗಿ. ತೋಳು ಉಜ್ಜದಿದ್ದರೆ ಆಯಿತು. ಹಾಕುವ ಮುಂಚೆ ಆ ಜಾಗದಲ್ಲಿ ಎಣ್ಣೆ ಪಸೆ ಇರಬಾರದು, ಅಂಟೋದಿಲ್ಲ.