ಮೊದಲ ಆಲ್-ಗ್ರೇನ್ ಬ್ಯಾಚ್, 20 ಲೀಟರ್: ನಮ್ಮ ಕಡೆ ನೀರು, ಈ ಬಿಸಿಲು, ಎಲ್ಲಿ ಕೈಕೊಡಬಹುದು?

ಜವೆಗೋಧಿ_ಬೆಳಗಾವಿ

ಎಲ್ಲರಿಗೂ ನಮಸ್ಕಾರ. ಇಲ್ಲಿವರೆಗೆ ಡಬ್ಬಿಯ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಕಾಳು) ಎಕ್ಸ್‌ಟ್ರ್ಯಾಕ್ಟ್ ಮೇಲಷ್ಟೇ ಕೆಲಸ ನಡೆದಿತ್ತು. ಈ ಸಲ ಪೂರ್ತಿ ಕಾಳಿನಿಂದಲೇ ಬಿಯರ್ ತೆಗೆಯೋದು ಅಂತ ತೀರ್ಮಾನ ಆಗಿದೆ. ಪರವಾನಗಿ ಇರೋ ಜಾಗದೊಳಗೇ, ದೊಡ್ಡ ಟ್ಯಾಂಕಿಗೆ ಹಾಕೋ ಮುಂಚೆ 20 ಲೀಟರಿನ ಪ್ರಾಯೋಗಿಕ ಬ್ಯಾಚ್ ಇದು.

ಇರೋದು: 40 ಲೀಟರ್ ಸ್ಟೀಲ್ ಪಾತ್ರೆ, ಅದರೊಳಗೆ ಕೂರೋ ಜಾಲರಿ ಬಟ್ಟೆಯ ಚೀಲ (ಮ್ಯಾಶ್ ಅಂದ್ರೆ ಕಾಳನ್ನ ಬಿಸಿ ನೀರಲ್ಲಿ ನೆನೆಹಾಕೋದು, ಅದಕ್ಕೆ ಬೇರೆ ಪಾತ್ರೆ ಇಲ್ಲ), ಭಟ್ಟಿ ಬರ್ನರ್, ಡಿಜಿಟಲ್ ಥರ್ಮಾಮೀಟರ್, ತಾಮ್ರದ ಸುರುಳಿ ಚಿಲ್ಲರ್. ಕಾಳು: ಪೇಲ್ ಮಾಲ್ಟ್ 4 ಕಿಲೋ, ಗೋಧಿ ಮಾಲ್ಟ್ 300 ಗ್ರಾಂ, ಕ್ರಿಸ್ಟಲ್ 200 ಗ್ರಾಂ. ಹಾಪ್ಸ್ (ಕಹಿ, ಪರಿಮಳ ಕೊಡೋ ಹೂವು): ಶೇ. 10 ಆಲ್ಫಾ, ಅಂದ್ರೆ ಕಹಿ ಆಮ್ಲ, ಇರೋದ್ದು 20 ಗ್ರಾಂ ಕುದಿ ಶುರುವಿಗೆ, ಶೇ. 6ರದ್ದು 15 ಗ್ರಾಂ ಕೊನೆಯ ಹತ್ತು ನಿಮಿಷಕ್ಕೆ. ಯೀಸ್ಟ್ ಯುಎಸ್-05, ಒಂದು ಪ್ಯಾಕೆಟ್.

ಪ್ರಶ್ನೆಗಳು: ಕಾರ್ಪೊರೇಶನ್ ನಳದ ನೀರು ನಡೀತದೋ, ಬೋರಿನದ್ದೋ? ಪುಸ್ತಕದಲ್ಲಿ ನೀರು 74 ಡಿಗ್ರಿಗೆ ಕಾಯಿಸಿ ಕಾಳು ಹಾಕು ಅಂತಿದೆ, ಅದು ಸರಿಯೇ? ರೋಲರ್ ಮಿಲ್ ಇಲ್ಲ, ಹಿಟ್ಟಿನ ಗಿರಣಿಯಲ್ಲಿ ಒಡೆಸಬಹುದಾ? ಏಪ್ರಿಲ್‌ನಲ್ಲಿ ಮೇಲಿನ ಟ್ಯಾಂಕಿನ ನೀರೇ 32 ಡಿಗ್ರಿ ಇರ್ತದೆ, ವರ್ಟ್ (ಕಾಳಿನಿಂದ ಇಳಿದ ಸಿಹಿ ರಸ) ತಣಿಸೋದು ಹೇಗೆ?

ಘಟಪ್ರಭಾ_ದಂಡೆ

ಕಾಳಿನ ಪಟ್ಟಿ ಸರಿ ಇದೆ, ಮುಟ್ಟಬೇಡಿ. ಶೇ. 70 ದಕ್ಷತೆ ಸಿಕ್ಕರೆ, ಅಂದರೆ ಕಾಳಿನಿಂದ ಬರಬಹುದಾದ ಸಕ್ಕರೆಯಲ್ಲಿ ಅಷ್ಟು ಇಳಿದರೆ, ವರ್ಟಿನ ಸಾಂದ್ರತೆ (ನೀರಿನದು 1.000) 1.047 ಬರುತ್ತದೆ, 65 ಸಿಕ್ಕರೆ 1.044. ಮೊದಲ ಬ್ಯಾಚಿಗೆ ಎರಡರಲ್ಲಿ ಯಾವುದು ಬಂದರೂ ಕೊರಗಬೇಕಿಲ್ಲ.

ನೀರಿನ ಪ್ರಮಾಣವನ್ನು ಕೊನೆಯಿಂದ ಹಿಂದಕ್ಕೆ ಲೆಕ್ಕ ಹಾಕಿ. ಹುದುಗುವ ಪಾತ್ರೆಗೆ 20 ಲೀಟರ್ ಸೇರಬೇಕು. ತಳದ ಗಸಿಯಲ್ಲಿ ಒಂದೂವರೆ ಲೀಟರ್ ಉಳಿಯುತ್ತದೆ, ಒಂದು ಗಂಟೆ ಕುದಿಯಲ್ಲಿ ಮೂರೂವರೆ ಲೀಟರ್ ಆವಿಯಾಗುತ್ತದೆ, ಚೀಲ ಹಿಂಡಿದ ಮೇಲೂ ಕಾಳು ಕಿಲೋಗೆ 700 ಮಿ.ಲೀ. ಹಿಡಿದಿಟ್ಟುಕೊಳ್ಳುತ್ತದೆ, ಬಿಸಿ ವರ್ಟ್ ತಣಿದಾಗ ಶೇ. 4ರಷ್ಟು ಕುಗ್ಗುತ್ತದೆ. ಎಲ್ಲ ಕೂಡಿಸಿದರೆ 29 ಲೀಟರ್. ಕಾಳು ಬಿದ್ದಾಗ ಮಟ್ಟ ಇನ್ನೂ ಮೂರು ಲೀಟರಿನಷ್ಟು ಏರುತ್ತದೆ. ನಿಮ್ಮ 40 ಲೀಟರ್ ಪಾತ್ರೆಗೆ ಕೂರುತ್ತದೆ; ಇದೇ ಬ್ಯಾಚನ್ನು 30 ಲೀಟರಿನದರಲ್ಲಿ ಮಾಡಲು ಹೋದವರ ಒಲೆ ಅಂಟಂಟಾಗುತ್ತದೆ. ಪಾತ್ರೆಯ ಒಳಗೆ ಬಿಡುವ ಒಂದು ಮರದ ಕೋಲಿಗೆ ಐದೈದು ಲೀಟರಿಗೆ ಗೀರು ಹಾಕಿಟ್ಟುಕೊಳ್ಳಿ. ಆ ದಿನ ಥರ್ಮಾಮೀಟರ್ ಬಿಟ್ಟರೆ ಹೆಚ್ಚು ಕೈಗೆ ಬರುವುದು ಅದೇ.

74 ಡಿಗ್ರಿ ನಿಮಗಲ್ಲ. ಆ ಅಂಕಿ ಚಳಿ ದೇಶದ ತಣ್ಣನೆ ಕಾಳಿಗೆ, ಕಿಲೋಗೆ ಎರಡೂವರೆ-ಮೂರು ಲೀಟರ್ ನೀರಿನ ಗಟ್ಟಿ ಮ್ಯಾಶಿಗೆ ಬರೆದದ್ದು. ನಿಮ್ಮದು ಕಿಲೋಗೆ 6.4 ಲೀಟರ್, ಕಾಳು 30 ಡಿಗ್ರಿ. ಸೂತ್ರ ಹೀಗೆ: 0.41ನ್ನು ಲೀಟರ್-ಕಿಲೋ ಅನುಪಾತದಿಂದ ಭಾಗಿಸಿ, ಬಂದದ್ದನ್ನು ಬೇಕಾದ ತಾಪಕ್ಕೂ ಕಾಳಿನ ತಾಪಕ್ಕೂ ಇರುವ ವ್ಯತ್ಯಾಸದಿಂದ ಗುಣಿಸಿ, ಬೇಕಾದ ತಾಪಕ್ಕೆ ಕೂಡಿಸಿ. 66 ಬೇಕಿದ್ದರೆ ನೀರು 68.3 ಇದ್ದರೆ ಸಾಕು. 74ಕ್ಕೆ ಹಾಕಿದರೆ ಮ್ಯಾಶ್ 71-72ರಲ್ಲಿ ನಿಲ್ಲುತ್ತದೆ. ಆ ಬಿಸಿಗೆ ಪಿಷ್ಟವನ್ನು ಸಕ್ಕರೆ ಮಾಡುವ ಕಿಣ್ವ ಬೀಟಾ ಅಮೈಲೇಸ್ ನಿಮಿಷಗಳಲ್ಲೇ ಕೆಟ್ಟುಹೋಗುತ್ತದೆ, ಯೀಸ್ಟಿಗೆ ತಿನ್ನಲಾಗದ ಉದ್ದ ಸಕ್ಕರೆ ಉಳಿಯುತ್ತದೆ, ಬಿಯರ್ 1.018-20ಕ್ಕೇ ನಿಂತು ಸಿಹಿಯಾಗಿ ಬಾಯಿಗೆ ಭಾರವಾಗುತ್ತದೆ. ಆಮೇಲೆ ಎಲ್ಲರೂ ಯೀಸ್ಟನ್ನು ಬೈಯುತ್ತಾರೆ.

ಕಾಳು ಸುರಿಯುವಾಗ ಒಬ್ಬರು ಸುರಿಯಲಿ, ಇನ್ನೊಬ್ಬರು ಕಲಸಲಿ. ಮುದ್ದೆ ಕಟ್ಟಿದರೆ ಅದರ ಒಳಗಿನ ಹಿಟ್ಟು ಒಣಗಿಯೇ ಉಳಿಯುತ್ತದೆ. ಪಾತ್ರೆಯ ತಳಕ್ಕೆ ತೂತಿನ ಸ್ಟೀಲ್ ತಟ್ಟೆ ಮಗುಚಿ ಇಡಿ, ಇಲ್ಲವಾದರೆ ಚೀಲ ತಳಕ್ಕೆ ತಗುಲಿ ಸುಡುತ್ತದೆ. ಕಲಸಿದ ಮೇಲೆ ಮೂರು ಕಡೆ ತಾಪ ನೋಡಿ, ಉರಿ ಪೂರ್ತಿ ಆರಿಸಿ, ಮುಚ್ಚಳ ಹಾಕಿ ಕೌದಿ ಸುತ್ತಿ 60 ನಿಮಿಷ ಬಿಡಿ. ಎರಡು ಡಿಗ್ರಿ ಇಳಿದರೆ ಏನೂ ಆಗುವುದಿಲ್ಲ. ಮಧ್ಯೆ ಮತ್ತೆ ಉರಿ ಹಚ್ಚುವ ಚಪಲ ಬೇಡ, ಮೇಲೆ 64 ತೋರಿಸುವಾಗ ತಳದಲ್ಲಿ 80 ಆಗಿರುತ್ತದೆ.

ಗಂಟೆ ಮುಗಿದ ಮೇಲೆ ಬಿಳಿ ಸಾಸರಿನ ಮೇಲೆ ಒಂದು ಚಮಚ ವರ್ಟ್, ಪಕ್ಕಕ್ಕೆ ಒಂದು ಹನಿ ಟಿಂಕ್ಚರ್ ಅಯೋಡಿನ್. ಕಂದು ಬಣ್ಣವೇ ಉಳಿದರೆ ಪಿಷ್ಟ ಸಕ್ಕರೆಯಾಗಿದೆ. ಕಪ್ಪು-ನೀಲಿಗೆ ತಿರುಗಿದರೆ ಇನ್ನೂ 20 ನಿಮಿಷ. ಸಿಪ್ಪೆ ಬೀಳದಂತೆ ನೋಡಿಕೊಳ್ಳಿ, ಸಿಪ್ಪೆ ಯಾವಾಗಲೂ ಕಪ್ಪಾಗುತ್ತದೆ. ಆ ಹನಿಯನ್ನು ಚೆಲ್ಲಿ, ಪಾತ್ರೆಗೆ ವಾಪಸು ಹಾಕಬೇಡಿ.

ಚೀಲ ಎತ್ತುವಾಗ ನೆನಪಿರಲಿ, ನೆನೆದ ಕಾಳು ಎಂಟು ಕಿಲೋ ದಾಟುತ್ತದೆ, ಸೋರುವ ವರ್ಟ್ ಬೇರೆ. ಮೇಲೆ ಕೊಕ್ಕೆ, ಹಗ್ಗ, ರಾಟೆ ಇರಲಿ. ಹಿಂಡಬಹುದು, ಹಿಂಡಿದರೆ ಒಗರು ಬರುತ್ತದೆ ಎಂಬುದು ಹಳೆಯ ಭಯ. ಒಗರು ಬರುವುದು ಪಿಎಚ್ 6ರ ಹತ್ತಿರ ಹೋದಾಗ, ಜೊತೆಗೆ ಕಾಳನ್ನು 77-78 ಡಿಗ್ರಿ ಮೀರಿದ ನೀರಿನಲ್ಲಿ ತೊಳೆದಾಗ.

ಇನ್ನು ಕುದಿ. ಬೆಳಗಾವಿ ಸಮುದ್ರ ಮಟ್ಟದಿಂದ ಸುಮಾರು 750 ಮೀಟರ್ ಮೇಲಿದೆ, ನೀರು 97.5ರ ಆಸುಪಾಸಿನಲ್ಲೇ ಕುದಿಯುತ್ತದೆ. ಥರ್ಮಾಮೀಟರ್ 100 ತೋರಿಸಲಿ ಅಂತ ಕಾಯುತ್ತ ಕೂರಬೇಡಿ. ಹಾಪ್ಸಿನ ಕಹಿ ತುಸು ಕಡಿಮೆ ಇಳಿಯುತ್ತದೆ, 20 ಗ್ರಾಮನ್ನು 22 ಮಾಡಿದರೆ ಸಾಕು. ಮುಚ್ಚಳ ತೆಗೆದೇ ಕುದಿಸಬೇಕು. ಮುಚ್ಚಿದರೆ ಬೇಯಿಸಿದ ಎಲೆಕೋಸಿನ ವಾಸನೆ ಕೊಡುವ ಡಿಎಂಎಸ್ ಆವಿಯ ಜೊತೆ ಹೋಗದೆ ಮುಚ್ಚಳದಿಂದ ತೊಟ್ಟಿಕ್ಕಿ ಒಳಕ್ಕೇ ಬೀಳುತ್ತದೆ. ಕುದಿ ಹತ್ತುವ ಮೊದಲ ಐದು ನಿಮಿಷ ಕದಲಬೇಡಿ, ನೊರೆ ಹಾಲಿಗಿಂತ ಬೇಗ ಉಕ್ಕುತ್ತದೆ. ಉರಿ ತಗ್ಗಿಸಿ, ತಣ್ಣೀರು ಚಿಮುಕಿಸಿ. ನೊರೆ ಒಡೆದು ಮೊಟ್ಟೆ ಸಾರಿನಂತಹ ಚೂರುಗಳು ತೇಲಿದ ಮೇಲೆಯೇ ಮೊದಲ ಹಾಪ್ಸ್ ಹಾಕಿ, ಗಡಿಯಾರ ಅಲ್ಲಿಂದ ಎಣಿಸಿ.

ಗುಮ್ಮಟನಗರಿ

ಮ್ಯಾಶ್ ಬಗ್ಗೆ ಮ್ಯಾಲೆ ಎಲ್ಲಾ ಬಂತು. ಆದ್ರ ಬೆಳಗಾವಿ, ವಿಜಯಪುರ, ಬಾಗಲಕೋಟಿ, ನಮ್ಮ ಈ ಮೂರೂ ಜಿಲ್ಲಾದಾಗ ಬ್ಯಾಚ್ ಕೆಡೋದು ಮ್ಯಾಶಿನಾಗ ಅಲ್ಲರಿ, ಅದಕ್ಕಿಂತ ಮೊದಲು ನೀರಿನಾಗ, ಆಮ್ಯಾಲೆ ತಣಿಸೋದ್ರಾಗ.

ಬೆಳಗಾವಿ ನಳದ ನೀರು ರಾಕಸಕೊಪ್ಪ, ಹಿಡಕಲ್ ಕಡೆಯಿಂದ ಬರೋದು. ಡ್ಯಾಮಿನ ನೀರು, ಮೆತ್ತಗಿರ್ತದ. ಬಿಯರಿಗೆ ಛಲೋ. ಒಂದೇ ತಕರಾರು ಅಂದ್ರ ಕ್ಲೋರಿನ್. ಅದು ಮಾಲ್ಟಿನ ಫಿನಾಲ್ ಜೋಡಿ ಕೂಡಿ ಕ್ಲೋರೋಫಿನಾಲ್ ಆಗ್ತದ, ದವಾಖಾನಿ ವಾಸನಿ ಹೊಡೀತದ. ಅತಿ ಸ್ವಲ್ಪ ಇದ್ದರೂ ಮೂಗಿಗೆ ಗೊತ್ತಾಗ್ತದ, ಒಮ್ಮೆ ಬಂತಂದ್ರ ಹೋಗಂಗಿಲ್ಲ. 29 ಲೀಟರಿಗೆ 0.2 ಗ್ರಾಂ ಪೊಟ್ಯಾಸಿಯಂ ಮೆಟಾಬೈಸಲ್ಫೈಟ್ ಹಾಕಿ ಕಲಕ್ರಿ, ಹತ್ತು ನಿಮಿಷದಾಗ ಕೆಲಸ ಮುಗೀತು. ಅದು ಸಿಗದಿದ್ರ ರಾತ್ರಿಯೆಲ್ಲಾ ಬಾಯಿ ತೆರೆದ ಪಾತ್ರೆಯೊಳಗ ಇಡ್ರಿ.

ಬೋರಿನ ನೀರು ಮಾತ್ರ ಬ್ಯಾಡ. ವಿಜಯಪುರ, ಬಾಗಲಕೋಟಿ ಕಡೆ ಬೋರಿನಾಗ ಗಡಸುತನಕ್ಕಿಂತ ಕ್ಷಾರದ್ದ ದೊಡ್ಡ ತ್ರಾಸು. ಟೆಸ್ಟ್ ವರದಿಯೊಳಗ ಕ್ಷಾರೀಯತೆ ಲೀಟರಿಗೆ 300 ಮಿಲಿಗ್ರಾಂ ಅಂತ ಇತ್ತು ಅಂದ್ಕೋರಿ. ಅಂದ್ರ ಲೀಟರಿಗೆ 6 ಮಿಲಿ ಈಕ್ವಿವಲೆಂಟ್ (ಆಮ್ಲ-ಕ್ಷಾರ ಸರಿತೂಗಿಸೋ ಅಳತಿ), 29 ಲೀಟರಿಗೆ 174. ಶೇ. 88ರ ಲ್ಯಾಕ್ಟಿಕ್ ಆಸಿಡ್ ಮಿ.ಲೀ.ಗೆ 11.8 ಕಡಿಯೋದು. ಹತ್ತಿರ ಹತ್ತಿರ 15 ಮಿ.ಲೀ. ಸುರೀಬೇಕಾಗ್ತದ, ಅಷ್ಟಾದ್ರ ಬಿಯರಿನಾಗ ಮಜ್ಜಿಗಿ ಹುಳಿ ತಿಳೀತದ. ಹಾಕದ ಬಿಟ್ರ ಮ್ಯಾಶಿನ ಪಿಎಚ್ 6ರ ಕಡೆ ಹೋಗಿ ಒಗರು. ಬೇಕಾಗಿದ್ದು 5.2ರಿಂದ 5.6, ಅದೂ ತಣ್ಣಗಾದ ಸ್ಯಾಂಪಲಿನಾಗ ಅಳೆದಾಗ.

ನಮ್ಮ ಕಡೆ ಇದಕ್ಕ ಉಪಾಯ ಊರ ಬಾಯಾಗ ಅದ: ಕಾಯಿನ್ ಹಾಕಿದ್ರ ನೀರು ಬರೋ ಶುದ್ಧ ಕುಡಿಯುವ ನೀರಿನ ಘಟಕ. ಆರ್‌ಓ ನೀರಿನಾಗ ಮಾಡ್ರಿ, ಅದಕ್ಕ 29 ಲೀಟರಿಗೆ ಜಿಪ್ಸಂ 3 ಗ್ರಾಂ, ಕ್ಯಾಲ್ಸಿಯಂ ಕ್ಲೋರೈಡ್ 4 ಗ್ರಾಂ. ಕ್ಯಾಲ್ಸಿಯಂ ಲೀಟರಿಗೆ 60 ಮಿಲಿಗ್ರಾಂ ಆಗ್ತದ, ಸಾಕು. ಎರಡೂ ಆಹಾರ ದರ್ಜೆದು ಇರ್ಲಿ, ತೇವ ಹೀರೋ ಪ್ಯಾಕೆಟಿನ ಮಾಲು ಬ್ಯಾಡ. ಘಟಕದ ನೀರಿಗೆ ಟಿಡಿಎಸ್ (ಕರಗಿದ ಲವಣ) ಅಳೆಯೋ ಮೀಟರ್ ಅದ್ದಿ ನೋಡ್ರಿ; ಕೆಲವು ಕಡೆ ಪೊರೆ ಹಳೇದಾಗಿ ಅರ್ಧ ಬೋರಿನ ನೀರ ಬರ್ತಿರ್ತದ. 50ರ ಕೆಳಗ ಇದ್ರ ನಿಶ್ಚಿಂತಿ. ಪಾತ್ರೆ ಶುದ್ಧ ಮಾಡೋ ಸ್ಟಾರ್‌ಸ್ಯಾನ್ ದ್ರಾವಣಕ್ಕೂ ಆರ್‌ಓ ನೀರ ಬಳಸ್ರಿ, ಲೀಟರಿಗೆ ಒಂದೂವರೆ ಮಿ.ಲೀ. ಬೋರಿನ ನೀರಿಗೆ ಹಾಕಿದ್ರ ಬೆಳ್ಳಗ ಮಬ್ಬಾಗಿ ಆಮ್ಲ ಸತ್ತು ಹೋಗ್ತದ.

ತಣಿಸೋದು: ಟ್ಯಾಂಕಿನ ನೀರು 32 ಇದ್ರ ಸುರುಳಿ ಎಷ್ಟೊತ್ತು ಓಡಿಸಿದ್ರೂ 37-38ರ ಕೆಳಗ ಇಳ್ಯಂಗಿಲ್ಲ. ಎರಡು ಹಂತ ಮಾಡ್ರಿ. 40ರ ತನಕ ಟ್ಯಾಂಕಿನ ನೀರು, ಬಿಸಿ ನೀರು ಚೆಲ್ಲಬ್ಯಾಡ್ರಿ, ಪಾತ್ರೆ ತಿಕ್ಕಾಕ ಬೇಕಾಗ್ತದ. ಆಮ್ಯಾಲೆ ಕೂಲರಿನ ಸಣ್ಣ ಪಂಪ್ ಬಕೀಟಿನಾಗ ಇಟ್ಟು ಐಸ್ ನೀರು ಸುತ್ತಾಡಿಸ್ರಿ. 20 ಲೀಟರ್ 40ರಿಂದ 20ಕ್ಕ ಇಳೀಬೇಕಂದ್ರ ಲೆಕ್ಕದ ಪ್ರಕಾರ 4 ಕಿಲೋ ಐಸ್, ಬಿಸಿಲಿಗೆ ಕರಗೋದು ಹಿಡಿದು 7 ಕಿಲೋ ತರ್ರಿ. ಐಸ್ ನೇರ ವರ್ಟಿಗೆ ಹಾಕಬ್ಯಾಡ್ರಿ, ಮೀನಿನ ಅಂಗಡಿಗೆ ಹೋಗೋ ಐಸ್ ಅದು. ಕೆಲವರು ಬಿಸಿ ವರ್ಟನ್ನ 20 ಲೀಟರಿನ ನೀರಿನ ಕ್ಯಾನಿಗೆ ತುಂಬ್ತಾರ. ಪೆಟ್ ಕ್ಯಾನ್ ಇದ್ರ ಮುದುಡಿ ಕೈಮ್ಯಾಲೆ ಬರ್ತದ.

ಯೀಸ್ಟ್: ಯುಎಸ್-05ಕ್ಕ 18ರಿಂದ 22 ಬೇಕು, ಅದೂ ಬಿಯರಿನ ತಾಪ. ಹುದುಗು ಜೋರಾದಾಗ ಒಳಗ ಕೋಣಿಗಿಂತ ಮೂರ್ನಾಲ್ಕು ಡಿಗ್ರಿ ಹೆಚ್ಚಿರ್ತದ. ಫ್ರಿಜ್ ಮತ್ತ ಕಂಟ್ರೋಲರ್ ಇಲ್ಲ ಅಂದ್ರ ಏಪ್ರಿಲಿನಾಗ ಅದನ್ನ ಬಳಸಬ್ಯಾಡ್ರಿ, ತಲಿ ಹಿಡಿಯೋ ಸ್ಪಿರಿಟ್ ವಾಸನಿ ಬರ್ತದ. ಟಬ್ಬಿನಾಗ ನೀರಿಟ್ಟು ಹಸಿ ಗೋಣಿತಟ್ಟು ಸುತ್ತಿ ಫ್ಯಾನ್ ಬಿಡೋದು ವಿಜಯಪುರದ ಒಣ ಹವಾಕ್ಕ ಐದಾರು ಡಿಗ್ರಿ ಇಳಿಸ್ತದ. ಬೆಳಗಾವಿ ಮಳಿಗಾಲದಾಗ ಆ ಯುಕ್ತಿ ನಡ್ಯಂಗಿಲ್ಲ, ಖರೆ ಹೇಳಬೇಕಂದ್ರ ಆವಾಗ ಬೇಕಾಗೂದೂ ಇಲ್ಲ. ಇಲ್ಲದಿದ್ರ ಬಿಸಿ ತಾಳೋ ನಾರ್ವೆ ಯೀಸ್ಟ್ ಕ್ವೈಕ್ ವೋಸ್ ತರಿಸ್ರಿ, 35ರಾಗೂ ಶುದ್ಧ ಹುದಗ್ತದ, ತುಸು ಕಿತ್ತಳಿ ಪರಿಮಳ. ಅದನ್ನ ಹಾಕೂದಿದ್ರ ಐಸಿನ ಖರ್ಚೂ ಉಳೀತು, 37ಕ್ಕ ನಿಲ್ಲಿಸಿ ಹಾಕಬಹುದು.

ಇನ್ನೊಂದು, ಓದೋ ಬ್ಯಾರೆಯವರಿಗೆ: ಕರ್ನಾಟಕ ಅಬಕಾರಿ ಕಾಯ್ದೆ, 1965ರ ಪ್ರಕಾರ ಪರವಾನಗಿ ಇಲ್ಲದ ಮನ್ಯಾಗ ಬಿಯರ್ ಮಾಡೋದು ಅಪರಾಧ. ಇವರದು ಪರವಾನಗಿ ಇರೋ ಜಾಗ ಅಂತ ಹೇಳ್ಯಾರ, ಅದಕ್ಕ ಇಷ್ಟು ಬರದೆ.

ನುಚ್ಚಕ್ಕಿ

ಗಿರಣಿ ನಡೆಯುತ್ತದೆ, ಎರಡು ಷರತ್ತು. ಕಲ್ಲು ಸಡಿಲಿಸಿ ಗೋಧಿ ನುಚ್ಚಿನ ಹದಕ್ಕೆ ಒಡೆಸಿ: ಕೈಯಲ್ಲಿ ಹಿಡಿದು ನೋಡಿದರೆ ಒಂದು ಕಾಳು ಮೂರ್ನಾಲ್ಕು ಚೂರಾಗಿರಬೇಕು, ಇಡೀ ಕಾಳು ಒಂದೂ ಕಾಣಬಾರದು, ಹಿಟ್ಟು ಒಂದಿಷ್ಟು ಇದ್ದರೆ ಪರವಾಗಿಲ್ಲ. ಚೀಲದ ಪದ್ಧತಿಯಲ್ಲಿ ಸಿಪ್ಪೆ ಹರಿದರೂ ಸೋಸುವುದಕ್ಕೆ ಅಡ್ಡಿಯಿಲ್ಲ, ಬಟ್ಟೆಯೇ ಜರಡಿ. ಪೂರ್ತಿ ಹಿಟ್ಟಾದರೆ ಮಾತ್ರ ಬಟ್ಟೆಯ ಕಣ್ಣು ಮುಚ್ಚಿ ಚೀಲ ಸೋರುವುದೇ ಇಲ್ಲ. ಎರಡನೆಯದು, ಖಾರ ಬೀಸಿದ ಕಲ್ಲಿಗೆ ಕೊಡಬೇಡಿ. ಬೆಳಿಗ್ಗೆ ಗೋಧಿ ಅಥವಾ ಜೋಳ ಬೀಸಿದ ಮೇಲೆ ನಿಮ್ಮದು ಹಾಕಿಸಿ, ಮೊದಲ ಅರ್ಧ ಕಿಲೋ ಬೇರೆ ತೆಗೆದಿಡಿ. ಹೀಗೆ ತೆಗೆಯುವುದಕ್ಕೆ ಪೇಲ್ ಮಾಲ್ಟ್ ಹೆಚ್ಚಿಗೆ ತರಿಸಿಕೊಂಡಿರಿ.

ಚೀಲ ನೈಲಾನ್ ಅಥವಾ ಪಾಲಿಯೆಸ್ಟರ್ ಜಾಲರಿಯದ್ದೇ ಇರಲಿ. ಹತ್ತಿ ಪಂಚೆ ನೀರು ಹೀರಿ ಉಬ್ಬುತ್ತದೆ.

ಜೋಳ ಸೇರಿಸುವ ಯೋಚನೆ ಬಂದೇ ಬರುತ್ತದೆ, ಆದ್ದರಿಂದ ಈಗಲೇ ಹೇಳುತ್ತೇನೆ: ಜೋಳದ ಪಿಷ್ಟ ಜವೆಗೋಧಿಯದಕ್ಕಿಂತ ಹೆಚ್ಚು ಬಿಸಿಯಲ್ಲಿ, 70 ದಾಟಿದ ಮೇಲೆ ಬೇಯುತ್ತದೆ. ಹಸಿ ನುಚ್ಚನ್ನು 66ರ ಮ್ಯಾಶಿಗೆ ಹಾಕಿದರೆ ಮಬ್ಬು ಬಿಟ್ಟು ಬೇರೇನೂ ಸಿಗುವುದಿಲ್ಲ. 500 ಗ್ರಾಂ ಬಿಳಿ ಜೋಳದ ನುಚ್ಚನ್ನು ಎರಡು ಲೀಟರ್ ನೀರಿನಲ್ಲಿ ಅರ್ಧ ಗಂಟೆ ಅಂಬಲಿಯಂತೆ ಬೇಯಿಸಿ, 70ಕ್ಕೆ ಆರಿಸಿ ಮ್ಯಾಶಿಗೆ ಸೇರಿಸಬೇಕು, ಅಷ್ಟೇ ಪೇಲ್ ಮಾಲ್ಟ್ ಕಡಿಮೆ ಮಾಡಬೇಕು. ಮನೆಯಲ್ಲಿ ಮೊಳಕೆ ಕಟ್ಟಿದ ಜೋಳ ಬೇಡ, ಅದರ ಮೊಳಕೆಯಲ್ಲಿ ಸಯನೈಡ್ ಬಿಡುವ ಧುರ್ರಿನ್ ಇರುತ್ತದೆ. ಮೊದಲ ಬ್ಯಾಚಿಗೆ ಇದೆಲ್ಲ ಬೇಡವೇ ಬೇಡ.

ಜವೆಗೋಧಿ_ಬೆಳಗಾವಿ

ತುಂಬಾ ಉಪಕಾರ. ಆರ್‌ಓ ನೀರು, 68.3, ಕ್ವೈಕ್ ಅಂತ ಖಾಯಂ ಮಾಡಿದೆ. ಎರಡು ಉಳಿದವು. ಚೀಲ ಎತ್ತಿದ ಮೇಲೆ ಸಾಂದ್ರತೆ ಕಡಿಮೆ ಬಂದರೆ ಆವತ್ತೇ ಏನಾದರೂ ಮಾಡಬಹುದಾ? ಮತ್ತೆ ಸಾಂದ್ರತೆ ಅಳೆಯೋ ಹೈಡ್ರೋಮೀಟರ್ ಒಡೆದಿದೆ, ದ್ರಾಕ್ಷಿ ತೋಟದವರ ಬ್ರಿಕ್ಸ್ (ಶೇಕಡಾ ಸಕ್ಕರೆ) ಮೀಟರ್ ಸಿಗುತ್ತದೆ, ನಡೀತದಾ?

ಘಟಪ್ರಭಾ_ದಂಡೆ

ತಿಕೋಟಾ ಕಡೆ ದ್ರಾಕ್ಷಿಯವರು ಬಳಸುವ 0-32ರ ಬ್ರಿಕ್ಸ್ ಮೀಟರ್, ಅಂದರೆ ರಿಫ್ರಾಕ್ಟೋಮೀಟರ್, ಧಾರಾಳ ನಡೆಯುತ್ತದೆ. ಮೊದಲು ಆರ್‌ಓ ನೀರಿನ ಹನಿಗೆ ಸೊನ್ನೆ ಹೊಂದಿಸಿ. ವರ್ಟಿನ ಹನಿ ಗಾಜಿನ ಮೇಲೆ ಅರ್ಧ ನಿಮಿಷ ತಣಿಯಲಿ, ಆಮೇಲೆ ಓದಿ.

ಕುದಿಗೆ ಮುಂಚೆ 25-26 ಲೀಟರಿಗೆ 9.8 ಬ್ರಿಕ್ಸ್, ಅಂದರೆ 1.039 ಇರಬೇಕು. ಅಳೆಯುವ ಮುಂಚೆ ಚೆನ್ನಾಗಿ ಕಲಕಿ. ಮೇಲೆ ತೆಳು, ಕೆಳಗೆ ಗಟ್ಟಿ ನಿಂತಿರುತ್ತದೆ, ಅರ್ಧ ಗಾಬರಿ ಅಲ್ಲಿಂದಲೇ ಬರುವುದು. 8.5 ಬಂದರೆ ಚೀಲವನ್ನು ಮತ್ತೆ ಇಳಿಸಿ ಕಲಕಿ ಕಾಲು ಗಂಟೆ ಬಿಡಿ. ಆಗಲೂ ಏರದಿದ್ದರೆ ಒಡೆದ ಹದ ದಪ್ಪವಾಯಿತು ಅಂತ ಲೆಕ್ಕ. 20 ನಿಮಿಷ ಹೆಚ್ಚು ಕುದಿಸಿದರೆ ಒಂದು ಲೀಟರಿಗಿಂತ ತುಸು ಹೆಚ್ಚು ಆವಿಯಾಗಿ ಸಾಂದ್ರತೆ ಎರಡು ಪಾಯಿಂಟ್ (0.002) ಏರುತ್ತದೆ, ಬಿಯರ್ ಅಷ್ಟು ಕಡಿಮೆ. ಇಲ್ಲವೇ ಕುದಿಯ ಕೊನೆಗೆ ಬೆಲ್ಲ: 20 ಲೀಟರಿನಲ್ಲಿ 100 ಗ್ರಾಮಿಗೆ ಒಂದೂವರೆಯಿಂದ ಎರಡು ಪಾಯಿಂಟ್. ಮಹಾಲಿಂಗಪುರದ ಬೆಲ್ಲ 200 ಗ್ರಾಂ ತನಕ ರುಚಿಗೆ ತೊಂದರೆ ಇಲ್ಲ, ಅದಕ್ಕಿಂತ ಮೇಲೆ ಬಿಯರ್ ತೆಳುವಾಗುತ್ತದೆ. ಬಿಸಿ ವರ್ಟಿನಲ್ಲಿ ಕರಗಿಸಿ ಸೋಸಿ ಹಾಕಿ, ಬೆಲ್ಲದಲ್ಲಿ ಕಬ್ಬಿನ ನಾರು, ಮರಳು ಎರಡೂ ಇರುತ್ತವೆ.

ಹುದುಗು ಶುರುವಾದ ಮೇಲೆ ಆ ಮೀಟರಿನ ಅಂಕಿಯನ್ನು ಹಾಗೇ ನಂಬಬೇಡಿ. ಆಲ್ಕೋಹಾಲ್ ಬೆಳಕನ್ನು ಬೇರೆ ತರ ಬಾಗಿಸುತ್ತದೆ, 12 ಬ್ರಿಕ್ಸಿನಿಂದ ಶುರುವಾದ ಬಿಯರ್ 1.010ಕ್ಕೆ ಇಳಿದು ಪೂರ್ತಿ ಮುಗಿದಿದ್ದರೂ ಮೀಟರ್ 6ರ ಹತ್ತಿರವೇ ತೋರಿಸುತ್ತದೆ. ಮೂರು ದಿನ ಒಂದೇ ಅಂಕಿ ನಿಂತರೆ ಮುಗಿದಿದೆ ಎಂದುಕೊಳ್ಳಬಹುದು, ಆದರೆ ಬಾಟಲಿಗೆ ಸಕ್ಕರೆ ಹಾಕುವ ಮುಂಚೆ ಹೊಸ ಹೈಡ್ರೋಮೀಟರ್ ತರಿಸಿ. ಅದು 20 ಡಿಗ್ರಿಗೆ ಹೊಂದಿಸಿದ್ದು, 30ರಲ್ಲಿ ಓದಿದರೆ ಎರಡೂವರೆ ಪಾಯಿಂಟ್ ಕೂಡಿಸಿಕೊಳ್ಳಿ. 20 ಲೀಟರಿಗೆ 120 ಗ್ರಾಂ ಸಕ್ಕರೆ.